ತೆರಿಗೆ ಏರಿಕೆಯ ಹೊರೆ: ಆದಾಯದ ಮೇಲೆ ಅಳೆಯಬೇಕೋ, ಕೈಯಲ್ಲಾಡುವ ದುಡ್ಡಿನ ಮೇಲೋ?

ನಡುಮನೆ

ಬಳಕೆ ತೆರಿಗೆ (ವ್ಯಾಟ್ ಅನ್ನಿ, ಜಿಎಸ್‌ಟಿ ಅನ್ನಿ) ಶೇ 15 ಇದ್ದದ್ದು ಶೇ 18 ಆಯಿತು ಎಂದುಕೊಳ್ಳೋಣ. ಮನೆ ಖರ್ಚು ಶೇ 3 ಹೆಚ್ಚುತ್ತದೆ ಎಂದು ಒಂದು ಗುಂಪು ಹೇಳುತ್ತದೆ. ಅಗತ್ಯ ವಸ್ತುಗಳಿಗೆ ವಿನಾಯಿತಿ ಇದೆ, ಬಡವರಿಗೆ ಏನೂ ತಟ್ಟುವುದಿಲ್ಲ ಎಂದು ಇನ್ನೊಂದು ಗುಂಪು. ಎರಡೂ ಪೂರ್ತಿ ಸರಿ ಇದ್ದಂತೆ ಕಾಣುವುದಿಲ್ಲ. ತಿಂಗಳ ಕೊನೆಗೆ ಏನೂ ಉಳಿಯದ ಮನೆಗೆ ನಿಜವಾಗಿ ಎಷ್ಟು ಪೆಟ್ಟು ಬೀಳುತ್ತದೆ, ಅದನ್ನು ಲೆಕ್ಕ ಹಾಕುವುದು ಹೇಗೆ, ನ್ಯಾಯ ಅನ್ನಿಸಬೇಕಾದರೆ ಏರಿಕೆಯ ಜೊತೆಗೆ ಏನೇನು ಬರಬೇಕು? ವಿಷಯ ಬಲ್ಲವರು ದಯವಿಟ್ಟು ಅಂಕಿಗಳ ಸಮೇತ ಬರೆಯಿರಿ.

ಖಾತೆಕಿರ್ದಿ

ಮೊದಲು ಆ ಶೇ 3ರ ಗೊಂದಲ ಬಗೆಹರಿಸೋಣ. ತೆರಿಗೆಗೆ ಮುಂಚೆ 100 ಇದ್ದ ವಸ್ತು ಮೊದಲು 115ಕ್ಕೆ ಸಿಗುತ್ತಿತ್ತು, ಈಗ 118. ಏರಿದ್ದು 115ರ ಮೇಲೆ 3, ಅಂದರೆ ಶೇ 2.6. ಸೂತ್ರ ಇಷ್ಟೇ: ದರದಲ್ಲಿ ಎಷ್ಟು ಅಂಶ ಏರಿತೋ ಅದನ್ನು (100 + ಹಳೆಯ ದರ) ಇಂದ ಭಾಗಿಸಿ. ಬ್ರಿಟನ್ 2011ರ ಜನವರಿಯಲ್ಲಿ ವ್ಯಾಟನ್ನು ಶೇ 17.5ರಿಂದ 20ಕ್ಕೆ ಏರಿಸಿದಾಗ ತೆರಿಗೆ ಬೀಳುವ ವಸ್ತುಗಳ ಬೆಲೆ ಏರಬೇಕಿದ್ದದ್ದು ಶೇ 2.1. ಸೌದಿ ಅರೇಬಿಯಾ 2020ರ ಜುಲೈಯಲ್ಲಿ ಶೇ 5ರಿಂದ ಒಂದೇ ಏಟಿಗೆ 15ಕ್ಕೆ ಏರಿಸಿತು. ಅಲ್ಲಿ ಅದೇ ಲೆಕ್ಕ ಶೇ 9.5 ಬರುತ್ತದೆ. ಏರಿದ ಅಂಶ ಒಂದೇ ಇದ್ದರೂ, ಹಳೆಯ ದರ ಕಡಿಮೆ ಇದ್ದಷ್ಟೂ ಏರಿಕೆಯ ಪೆಟ್ಟು ಜೋರು.

ಇನ್ನು ಮನೆಯ ಲೆಕ್ಕ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಬರುವ ಶುಲ್ಕ, ವಿಮೆ, ರಿಪೇರಿ ಇವನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿ. ಇದನ್ನು ಬಿಟ್ಟರೆ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ, ಬಹಳಷ್ಟು ಜನ ತಪ್ಪುವುದೂ ಇಲ್ಲೇ. ಆಮೇಲೆ ಪ್ರತಿ ಖರ್ಚನ್ನೂ ನಾಲ್ಕು ಕಾಲಂಗಳಲ್ಲಿ ಒಂದಕ್ಕೆ ಹಾಕಿ: ತೆರಿಗೆಯೇ ಇಲ್ಲದ್ದು (ಬಾಡಿಗೆ, ಸಾಲದ ಕಂತು), ಶೂನ್ಯ ಅಥವಾ ಕಡಿಮೆ ದರದ್ದು, ಪೂರ್ಣ ದರದ್ದು, ಮತ್ತು ಇಂಧನದಂತೆ ಲೀಟರಿಗೆ ಇಷ್ಟು ಎಂದು ಸುಂಕ ಬೀಳುವಂಥದ್ದು. ಏರಿಕೆ ತಗಲುವುದು ಯಾವ ಕಾಲಂಗೋ ಅದರ ಮೊತ್ತವನ್ನು ಮಾತ್ರ ಮೇಲಿನ ಸೂತ್ರದಿಂದ ಗುಣಿಸಿ.

ಉದಾಹರಣೆಗೆ ಎರಡು ಮನೆ ಹಿಡಿಯೋಣ.

ಮನೆ ಎ: ಆದಾಯ 100. ಬಾಡಿಗೆ 30, ಮೂಲ ಆಹಾರ 22 (ಶೂನ್ಯ ದರ), ಸಾಲದ ಕಂತು 10, ಪೂರ್ಣ ದರದ ಖರ್ಚು 35, ಉಳಿತಾಯ 3.

ಮನೆ ಬಿ: ಆದಾಯ 400. ಬಾಡಿಗೆ 80, ಮೂಲ ಆಹಾರ 40, ಕಂತು 50, ಪೂರ್ಣ ದರದ ಖರ್ಚು 130, ಉಳಿತಾಯ 100.

ಎ ಮನೆಗೆ ಹೆಚ್ಚುವರಿ ಹೊರೆ 35 × 3 ÷ 115, ಅಂದರೆ 0.91. ಬಿ ಮನೆಗೆ 130 × 3 ÷ 115, ಅಂದರೆ 3.39. ಆದಾಯದ ಲೆಕ್ಕದಲ್ಲಿ ಎ ಮನೆಗೆ ಶೇ 0.91, ಬಿ ಮನೆಗೆ ಶೇ 0.85.

ಬೆಳಗಿನಬಸ್ಸು

ಖಾತೆಕಿರ್ದಿ ಸರ್, ನಿಮ್ಮ ಅಂಕಿಗಳೇ ಹೇಳುತ್ತಿವೆಯಲ್ಲ, ಎರಡೂ ಮನೆಗೆ ಆದಾಯದ ಸುಮಾರು ಶೇ 0.9. ಹಣದ ಲೆಕ್ಕದಲ್ಲಿ ಬಿ ಮನೆ ನಾಲ್ಕು ಪಟ್ಟು ಹತ್ತಿರ ಕೊಡುತ್ತಿದೆ. ಮೂಲ ಆಹಾರಕ್ಕೆ ಶೂನ್ಯ ದರ ಇಟ್ಟಿದ್ದಕ್ಕೇ ಇದು ಸಾಧ್ಯವಾಗಿದೆ. ಇದರಲ್ಲಿ ಅನ್ಯಾಯ ಎಲ್ಲಿದೆ?

ಇನ್ನೊಂದು ಮಾತು. ಒಂದೇ ವರ್ಷದ ಆದಾಯ ನೋಡಿದರೆ ಓದುತ್ತಿರುವವರು, ನಿವೃತ್ತರು ಎಲ್ಲರೂ ಬಡವರ ಪಟ್ಟಿಗೆ ಬೀಳುತ್ತಾರೆ. ಅವರು ಮುಂದೆ ದುಡಿಯುವುದರಿಂದಲೋ ಹಿಂದೆ ಉಳಿಸಿದ್ದರಿಂದಲೋ ಖರ್ಚು ಮಾಡುತ್ತಿರುತ್ತಾರೆ. ಜೀವಮಾನದ ಗಳಿಕೆಗೆ ಹೋಲಿಸಿದರೆ ಬಳಕೆ ತೆರಿಗೆ ನಾವು ಅಂದುಕೊಂಡಷ್ಟು ಬಡವರ ವಿರೋಧಿ ಅಲ್ಲ ಎಂದು ಅರ್ಥಶಾಸ್ತ್ರಜ್ಞರು ಬಹಳ ಕಾಲದಿಂದ ವಾದಿಸುತ್ತ ಬಂದಿದ್ದಾರೆ. ಆ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು.

ತಕ್ಕಡಿ

ತಳ್ಳಿಹಾಕುವುದು ಬೇಡ, ಆದರೆ ಅದು ಒಂದು ಷರತ್ತಿನ ಮೇಲೆ ನಿಂತಿದೆ: ಕಷ್ಟದ ವರ್ಷದಲ್ಲಿ ಸಾಲ ಎತ್ತಿ, ಒಳ್ಳೆಯ ವರ್ಷದಲ್ಲಿ ತೀರಿಸುವ ಅವಕಾಶ ಎಲ್ಲರಿಗೂ ಒಂದೇ ಥರ ಇರಬೇಕು. ಕಡಿಮೆ ಆದಾಯದವರಿಗೆ ಸಾಲ ಸಿಗುವುದೇ ಇಲ್ಲ, ಸಿಕ್ಕರೂ ಬಡ್ಡಿ ಹೆಚ್ಚು. ಮುಂದಿನ ಇಪ್ಪತ್ತು ವರ್ಷದ ಗಳಿಕೆ ತೋರಿಸಿ ಈ ತಿಂಗಳ ಬಾಡಿಗೆ ಕಟ್ಟಲು ಆಗುವುದಿಲ್ಲ.

ನನ್ನ ಪ್ರಕಾರ ಇಲ್ಲಿ ತಪ್ಪಿರುವುದು ಅಳತೆಗೋಲು. ಆದಾಯದಲ್ಲಿ ಬಹುಪಾಲು ಮೊದಲೇ ಹಂಚಿಹೋಗಿರುತ್ತದೆ. ಎ ಮನೆಯನ್ನೇ ನೋಡಿ. ಬಾಡಿಗೆ, ಕಂತು, ಆಹಾರ ಸೇರಿ 62. ಪೂರ್ಣ ದರದ 35ರಲ್ಲಿಯೂ ವಿದ್ಯುತ್, ಫೋನ್, ಕೆಲಸಕ್ಕೆ ಹೋಗಿಬರುವ ಖರ್ಚು, ಸೋಪು, ಮಕ್ಕಳ ಪುಸ್ತಕ ಎಂದು 30 ಕದಲಿಸಲಾಗದ ಖರ್ಚು ಎಂದಿಟ್ಟುಕೊಳ್ಳಿ. ಹಿಂದುಮುಂದು ಮಾಡಲು ಸಿಗುವುದು ಮಿಕ್ಕ 5 ಮತ್ತು ಉಳಿತಾಯದ 3, ಒಟ್ಟು 8. ಇದೇ ಕೈಯಲ್ಲಾಡುವ ದುಡ್ಡು. ತೆರಿಗೆ ಏರಿಕೆಯ 0.91 ಬರಬೇಕಾದದ್ದು ಈ 8ರಿಂದ, 100ರಿಂದ ಅಲ್ಲ. ಅಂದರೆ ಶೇ 11.4.

ಬಿ ಮನೆಯಲ್ಲಿ 130ರ ಪೈಕಿ 70 ಕದಲಿಸಲಾಗದ್ದು ಎಂದರೂ ಕೈಯಲ್ಲಾಡುವ ದುಡ್ಡು 60 + 100 = 160. ಅದರಲ್ಲಿ 3.39 ಎಂದರೆ ಶೇ 2.1.

ಆದಾಯದ ಮೇಲೆ ಅಳೆದಾಗ ಸಮ ಕಂಡ ಹೊರೆ, ಕೈಯಲ್ಲಾಡುವ ದುಡ್ಡಿನ ಮೇಲೆ ಅಳೆದರೆ ಐದು ಪಟ್ಟಿಗೂ ಹೆಚ್ಚು ಓರೆ. ಬಿ ಮನೆಯವರು ಮುಂದಿನ ತಿಂಗಳು 3.39 ಕಡಿಮೆ ಉಳಿಸುತ್ತಾರೆ, ಜೀವನ ಹಾಗೇ ನಡೆಯುತ್ತದೆ. ಎ ಮನೆಯವರು ಔಷಧಿಯನ್ನೋ ಕಂತನ್ನೋ ಮುಂದೂಡುತ್ತಾರೆ. ಕಂತು ಮುಂದೂಡಿದರೆ ದಂಡ ಬೀಳುತ್ತದೆ. ಆ ದಂಡ ಯಾವ ತೆರಿಗೆ ಅಂಕಿಅಂಶದಲ್ಲೂ ಕಾಣಿಸುವುದಿಲ್ಲ.

ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ, ಆದಾಯ ಕಡಿಮೆ ಆದಷ್ಟೂ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಹೆಚ್ಚು ಎಂದು ಕುಟುಂಬಗಳ ಖರ್ಚಿನ ಪಟ್ಟಿಗಳಿಂದ ತೋರಿಸಿದ್ದರು. ಇಂದು ಆ ಪಟ್ಟಿಗೆ ಬಾಡಿಗೆ, ವಿದ್ಯುತ್, ಫೋನು, ಕಂತು ಸೇರಿಸಿದರೆ ಚಿತ್ರ ಇನ್ನೂ ಬಿಗಿ.

ಬೆಳಗಿನಬಸ್ಸು

ಕೈಯಲ್ಲಾಡುವ ದುಡ್ಡು ಎಂಬ ಅಳತೆ ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಯಾವುದು ಕದಲಿಸಲಾಗದ ಖರ್ಚು ಎಂದು ಯಾರು ನಿರ್ಧರಿಸಬೇಕು? ಆದಾಯ ಹೆಚ್ಚಿರುವವರೂ ದೊಡ್ಡ ಮನೆ, ದೊಡ್ಡ ಸಾಲ ಮಾಡಿಕೊಂಡು ಕೈ ಖಾಲಿ ಎನ್ನುತ್ತಾರೆ. ಅವರ ಕಂತನ್ನೂ ಕಳೆದರೆ ಈ ಅಳತೆಯಲ್ಲಿ ಅವರೂ ಬಡವರಾಗುತ್ತಾರೆ.

ತಕ್ಕಡಿ

ನ್ಯಾಯವಾದ ಪ್ರಶ್ನೆ. ಅದಕ್ಕೇ ನೀತಿ ರೂಪಿಸುವಾಗ ಆಯಾ ಮನೆಯ ನಿಜವಾದ ಖರ್ಚನ್ನು ಕಳೆಯಬಾರದು. ಕುಟುಂಬದ ಗಾತ್ರಕ್ಕೆ ತಕ್ಕ ಒಂದು ಕನಿಷ್ಠ ಖರ್ಚಿನ ಬುಟ್ಟಿ ನಿಗದಿ ಮಾಡಿ, ಅದನ್ನು ಎಲ್ಲರಿಗೂ ಒಂದೇ ಥರ ಕಳೆಯಬೇಕು. ಆಗ ದೊಡ್ಡ ಸಾಲ ಮಾಡಿಕೊಂಡವರಿಗೆ ಅದರ ಲಾಭ ಸಿಗುವುದಿಲ್ಲ. ಆದರೆ ನಿಮ್ಮ ಸ್ವಂತ ಮನೆಯ ಬಜೆಟ್ ಹಾಕುವಾಗ ನಿಜವಾದ ಖರ್ಚನ್ನೇ ಕಳೆಯಿರಿ. ಎರಡು ಕೆಲಸಕ್ಕೆ ಎರಡು ಲೆಕ್ಕ.

ದಾಸವಾಳ

ಶೂನ್ಯ ದರ, ವಿನಾಯಿತಿ ಎರಡನ್ನೂ ಒಂದೇ ಎಂಬಂತೆ ಬಳಸುತ್ತಿದ್ದೀರಿ. ಮನೆ ಬಜೆಟ್‌ಗೆ ಇವೆರಡರ ವ್ಯತ್ಯಾಸ ದೊಡ್ಡದು.

ಶೂನ್ಯ ದರ ಎಂದರೆ ಮಾರುವವರು ತೆರಿಗೆ ವಸೂಲಿ ಮಾಡುವುದಿಲ್ಲ, ಆದರೆ ತಾವು ಸರಕು ಕೊಂಡಾಗ ಕಟ್ಟಿದ ತೆರಿಗೆಯನ್ನು ಸರ್ಕಾರದಿಂದ ವಾಪಸ್ ಪಡೆಯುತ್ತಾರೆ. ಹಾಗಾಗಿ ಬೆಲೆಯೊಳಗೆ ತೆರಿಗೆ ಉಳಿಯುವುದಿಲ್ಲ. ವಿನಾಯಿತಿ ಎಂದರೆ ವಸೂಲಿಯೂ ಇಲ್ಲ, ಆ ವಾಪಸಾತಿಯೂ (ಇನ್‌ಪುಟ್ ಕ್ರೆಡಿಟ್) ಇಲ್ಲ. ಕೊಂಡಾಗ ಕಟ್ಟಿದ ತೆರಿಗೆ ಅವರ ವೆಚ್ಚಕ್ಕೆ ಸೇರಿ ಬೆಲೆಯೊಳಗೆ ಅಡಗಿ ಕೂರುತ್ತದೆ. ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇಲ್ಲದ್ದರಿಂದ ಗ್ರಾಹಕರಿಗೆ ಗೊತ್ತೇ ಆಗುವುದಿಲ್ಲ.

ಒಂದು ಚಿಕಿತ್ಸಾಲಯದ ಶುಲ್ಕ 100, ವಿನಾಯಿತಿ ಇದೆ. ಅದರ ವೆಚ್ಚದಲ್ಲಿ 40 ಭಾಗ ಉಪಕರಣ, ವಿದ್ಯುತ್, ಸ್ವಚ್ಛತೆಯ ಗುತ್ತಿಗೆಯಂಥ ಪೂರ್ಣ ದರದ ಖರೀದಿ. ದರ 15ರಿಂದ 18 ಆದಾಗ ಅವರ ವೆಚ್ಚ 40 × 3 ÷ 115 = 1.04 ಏರುತ್ತದೆ. ಶುಲ್ಕವೂ ಸುಮಾರು ಶೇ 1 ಏರುತ್ತದೆ, ಏರುವುದು ಮಾತ್ರ ಎರಡು ಮೂರು ತಿಂಗಳು ತಡವಾಗಿ. ಬಾಡಿಗೆಗೂ ಇದೇ ಕಥೆ. ಮಾಲೀಕರ ರಿಪೇರಿ, ಬಣ್ಣ, ಲಿಫ್ಟ್ ನಿರ್ವಹಣೆ ಎಲ್ಲಕ್ಕೂ ಹೊಸ ದರ. ಕರಾರು ನವೀಕರಣದ ವೇಳೆ ಅದು ಬಾಡಿಗೆಗೆ ಬಂದು ಸೇರಿಕೊಳ್ಳುತ್ತದೆ.

ಆದ್ದರಿಂದ ಖಾತೆಕಿರ್ದಿ ಅವರ ಮೊದಲ ಕಾಲಂ ಅನ್ನು ಎರಡಾಗಿ ಒಡೆಯಿರಿ. ವಿನಾಯಿತಿಯ ಖರ್ಚಿಗೆ ಪೂರ್ಣ ದರದ ಏರಿಕೆಯ ಮೂರನೇ ಒಂದು ಭಾಗದಷ್ಟನ್ನು ಮುಂದಿನ ಆರು ತಿಂಗಳಿಗೆಂದು ಬರೆದಿಟ್ಟುಕೊಳ್ಳುವುದು ಅಂದಾಜಿಗೆ ಸಾಕು. ಸಾಲದ ಕಂತಿಗೆ ಇದು ಬೇಡ.

ಇನ್ನು ಕಡಿಮೆ ದರದ ಗಡಿ ಎಲ್ಲಿ ಎಳೆಯುವುದು ಎಂಬುದೇ ಒಂದು ತಲೆನೋವು. ಜಪಾನ್ 2019ರ ಅಕ್ಟೋಬರ್‌ನಲ್ಲಿ ಬಳಕೆ ತೆರಿಗೆಯನ್ನು ಶೇ 8ರಿಂದ 10ಕ್ಕೆ ಏರಿಸಿ, ಆಹಾರಕ್ಕೆ 8ನ್ನೇ ಉಳಿಸಿತು. ಅದರಲ್ಲೂ ಕಟ್ಟಿಸಿಕೊಂಡು ಹೋದರೆ 8, ಅಲ್ಲೇ ಕೂತು ತಿಂದರೆ 10. ಒಂದೇ ಪದಾರ್ಥ, ಒಂದೇ ಅಂಗಡಿ, ಎರಡು ದರ. ಸಣ್ಣ ಅಂಗಡಿಗಳು ಬಿಲ್ ಮಾಡುವ ಯಂತ್ರವನ್ನೇ ಬದಲಿಸಬೇಕಾಯಿತು. ಆ ಖರ್ಚೂ ಕೊನೆಗೆ ಬೆಲೆಗೇ ಸೇರುವುದು.

ಖಾತೆಕಿರ್ದಿ

ದಾಸವಾಳ ಮೇಡಂ ಹೇಳಿದ್ದು ಸರಿ. ಆ ತಿದ್ದುಪಡಿ ಹಾಕಿದರೆ ಎ ಮನೆಯ ಬಾಡಿಗೆ 30ರ ಮೇಲೆ ಇನ್ನೂ 0.26 ಸೇರುತ್ತದೆ. ಒಟ್ಟು 1.17, ಕೈಯಲ್ಲಾಡುವ 8ರಲ್ಲಿ ಶೇ 14.6.

ನಡುಮನೆ

ಹಾಗಾದರೆ ಪರಿಹಾರ ಯಾವುದು? ಇನ್ನಷ್ಟು ವಸ್ತುಗಳನ್ನು ಶೂನ್ಯ ದರಕ್ಕೆ ತರುವುದೋ, ನೇರ ಹಣ ಕೊಡುವುದೋ?

ತಕ್ಕಡಿ

ಮೇಲಿನ ಎರಡು ಮನೆಗಳಲ್ಲೇ ನೋಡಿಬಿಡೋಣ, ಬಾಡಿಗೆಯ ತಿದ್ದುಪಡಿಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು. ಏರಿಕೆಯಿಂದ ಸರ್ಕಾರಕ್ಕೆ ಬರುವುದು 0.91 + 3.39 = 4.30. ಏರಿಕೆಯನ್ನೇ ಬಿಟ್ಟರೆ ಎ ಮನೆಗೆ 0.91 ಉಳಿಯುತ್ತದೆ, ಖಜಾನೆಗೆ ನಷ್ಟ 4.30. ಅಂದರೆ ಎ ಮನೆಗೆ 1 ಉಳಿಸಲು 4.7 ಖರ್ಚು. ಅದರ ಬದಲು ಏರಿಕೆ ಮಾಡಿ ಎರಡೂ ಮನೆಗೆ ತಲಾ 0.91 ಕೊಟ್ಟರೆ ಎ ಮನೆಗೆ ನಷ್ಟವಿಲ್ಲ, ಖಜಾನೆಗೆ ಇನ್ನೂ 2.48 ಉಳಿಯುತ್ತದೆ. ಶೂನ್ಯ ದರಕ್ಕೂ ಇದೇ ಲೆಕ್ಕ: ಅದರ ಲಾಭವನ್ನು ಹಣದ ಲೆಕ್ಕದಲ್ಲಿ ಹೆಚ್ಚು ಪಡೆಯುವುದು ಹೆಚ್ಚು ಕೊಳ್ಳುವ ಮನೆ. ಹಾಗಾಗಿ ಕಾಗದದ ಮೇಲೆ ನೇರ ಹಣವೇ ಉತ್ತಮ.

ಆದರೆ ಕಾಗದದಾಚೆ ಹಲವು ಕಡೆ ಎಡವುತ್ತದೆ. ಕೆನಡಾ 1991ರ ಜನವರಿಯಲ್ಲಿ ಜಿಎಸ್‌ಟಿ ತಂದಾಗ ಕಡಿಮೆ ಆದಾಯದವರಿಗೆ ಮೂರು ತಿಂಗಳಿಗೊಮ್ಮೆ ಹಣ ಕೊಡುವ ಏರ್ಪಾಟನ್ನೂ ಜೊತೆಗೇ ತಂದಿತು. ಒಳ್ಳೆಯ ವಿನ್ಯಾಸ. ಆದರೆ ಅದನ್ನು ಪಡೆಯಲು ಆದಾಯ ಶೂನ್ಯವಿದ್ದರೂ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕು. ಯಾರಿಗೆ ಅತಿ ಅಗತ್ಯವೋ ಅವರಲ್ಲೇ ಹಲವರು ರಿಟರ್ನ್ ಸಲ್ಲಿಸುವುದಿಲ್ಲ. ಎರಡನೆಯದಾಗಿ ಹಣ ಹಿಂದಿನ ವರ್ಷದ ಆದಾಯದ ಮೇಲೆ ನಿಗದಿಯಾಗುತ್ತದೆ. ಈ ವರ್ಷ ಕೆಲಸ ಕಳೆದುಕೊಂಡವರಿಗೆ ಪರಿಹಾರ ಮುಂದಿನ ವರ್ಷ. ಮೂರನೆಯದು, ಪರಿಹಾರದ ಮೊತ್ತವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟದಿದ್ದರೆ (ಅಂದರೆ ಬೆಲೆ ಏರಿದಂತೆ ಅದೂ ಏರುವಂತೆ ಮಾಡದಿದ್ದರೆ) ಐದಾರು ವರ್ಷದಲ್ಲಿ ಅದು ಸವೆದುಹೋಗುತ್ತದೆ, ತೆರಿಗೆ ಮಾತ್ರ ಶೇಕಡಾವಾರು ಆದ್ದರಿಂದ ಬೆಲೆಯೊಂದಿಗೆ ತಾನಾಗಿ ಏರುತ್ತದೆ.

ನಾಲ್ಕನೆಯದು ಬಹಳ ಮುಖ್ಯ: ದಿನಾಂಕ. ನ್ಯೂಜಿಲೆಂಡ್ 2010ರ ಅಕ್ಟೋಬರ್ 1ರಂದು ಜಿಎಸ್‌ಟಿಯನ್ನು ಶೇ 12.5ರಿಂದ 15ಕ್ಕೆ ಏರಿಸಿದ ದಿನವೇ ಆದಾಯ ತೆರಿಗೆ ಇಳಿಸಿ, ಪಿಂಚಣಿ, ಭತ್ಯೆಗಳನ್ನೂ ಏರಿಸಿತು. ಆದಾಯ ತೆರಿಗೆ ಇಳಿಕೆಯಲ್ಲಿ ಮೇಲಿನವರಿಗೆ ಸಿಕ್ಕಿದ್ದು ಹೆಚ್ಚು ಎಂಬ ಟೀಕೆ ನನಗೂ ಒಪ್ಪಿಗೆ. ಆದರೂ ಏರಿಕೆ, ಪರಿಹಾರ ಒಂದೇ ದಿನ ಬಂದದ್ದು ಸರಿಯಾದ ಕ್ರಮ. ಕೈಯಲ್ಲಿ 8 ಮಾತ್ರ ಇರುವ ಮನೆಗೆ ಮೂರು ತಿಂಗಳು ತಡವಾಗಿ ಬರುವ ಪರಿಹಾರ ಅಷ್ಟರೊಳಗೆ ಸಾಲವಾಗಿರುತ್ತದೆ.

ಮಳೆಬಿಲ್ಲು

ಒಂದೇ ಆದಾಯದ ಎರಡು ಮನೆಗಳ ನಡುವಿನ ನ್ಯಾಯದ ಬಗ್ಗೆ ಯಾರೂ ಮಾತಾಡಿಲ್ಲ. ಇಂಧನ ಸುಂಕದಲ್ಲಿ ಇದು ಎದ್ದು ಕಾಣುತ್ತದೆ. ಸಾರ್ವಜನಿಕ ಸಾರಿಗೆ ಇರುವ ಕಡೆಯ ಮನೆ ತಿಂಗಳಿಗೆ 10 ಲೀಟರ್ ಬಳಸಿದರೆ, ಅದೇ ಆದಾಯದ ದೂರದ ಊರಿನ ಮನೆ 60 ಲೀಟರ್ ಬಳಸುತ್ತದೆ. ಹೊರೆ ಆರು ಪಟ್ಟು. 2018ರ ನವೆಂಬರ್‌ನಲ್ಲಿ ಫ್ರಾನ್ಸ್‌ನ ಹಳದಿ ಜಾಕೆಟ್ ಚಳವಳಿ ಹೊತ್ತಿಕೊಂಡಿದ್ದು ಹೀಗೇ. ಇಂಧನ ತೆರಿಗೆ ಏರಿಕೆಯನ್ನು ಸರ್ಕಾರ ಡಿಸೆಂಬರ್‌ನಲ್ಲಿ ಕೈಬಿಡಬೇಕಾಯಿತು. ಆದಾಯ ಒಂದನ್ನೇ ನೋಡಿ ಸರಾಸರಿ ಪರಿಹಾರ ಕೊಟ್ಟರೆ ದೂರದ ಊರಿನವರಿಗೆ ಸಾಲುವುದಿಲ್ಲ.

ಬೇಡಿಕೆ ಕುಗ್ಗಿಸಲಾಗದ ವಸ್ತುವಿನ ಮೇಲಿನ ತೆರಿಗೆ ಖಜಾನೆಗೆ ಖಚಿತ ವರಮಾನ, ಬಡವರಿಗೆ ಖಚಿತ ಹೊರೆ. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಉಪ್ಪಿನ ತೆರಿಗೆಯನ್ನೇ ಆರಿಸಿಕೊಂಡದ್ದು ಯೋಚಿಸಿಯೇ: ಉಪ್ಪು ಬೇಡ ಎನ್ನುವ ಮನೆ ಇಲ್ಲ, ಸಿರಿವಂತರು ಹೆಚ್ಚು ತಿನ್ನುವುದೂ ಇಲ್ಲ.

ಬೆಳಗಿನಬಸ್ಸು

ಹಾಗಾದರೆ ಬಳಕೆ ತೆರಿಗೆ ಮುಟ್ಟದೆ ಆದಾಯ ತೆರಿಗೆ ಏರಿಸುವುದೇ ನ್ಯಾಯ ಎನ್ನಬಹುದೇ? ದರ ಏರಿಸದೆ, ಎಷ್ಟು ಆದಾಯದವರೆಗೆ ತೆರಿಗೆ ಇಲ್ಲ ಎಂಬಂಥ ಮಿತಿಗಳನ್ನು ಹಾಗೇ ಬಿಟ್ಟರೂ ವರಮಾನ ಹೆಚ್ಚುತ್ತದೆ, ಅದು ಕಡಿಮೆ ನೋವಿನ ದಾರಿ ಎನ್ನುತ್ತಾರೆ.

ಖಾತೆಕಿರ್ದಿ

ದರ ಏರಿಸುವುದೂ ಮಿತಿ ಹಾಗೇ ಬಿಡುವುದೂ ನ್ಯಾಯದ ದೃಷ್ಟಿಯಿಂದ ತದ್ವಿರುದ್ಧ. ಲೆಕ್ಕ ಹಾಕಿ ನೋಡಿ.

ವಿನಾಯಿತಿ ಮಿತಿ 50, ಅದರ ಮೇಲೆ ಶೇ 20 ತೆರಿಗೆ ಇರಲಿ. ಬೆಲೆಗಳೂ ಸಂಬಳಗಳೂ ಶೇ 8 ಏರಿದವು. ಮಿತಿಯನ್ನೂ 54ಕ್ಕೆ ಏರಿಸಬೇಕಿತ್ತು, ಏರಿಸಲಿಲ್ಲ. ಆ 4ರ ಮೇಲಿನ ಶೇ 20, ಅಂದರೆ 0.8, ಪ್ರತಿಯೊಬ್ಬ ತೆರಿಗೆದಾರನಿಂದ ಹೆಚ್ಚುವರಿಯಾಗಿ ಹೋಗುತ್ತದೆ. 60 ಇದ್ದ ಸಂಬಳ 64.8 ಆದವರಿಗೂ 0.8, 400 ಇದ್ದದ್ದು 432 ಆದವರಿಗೂ ಅದೇ 0.8. ಮೊದಲಿನವರಿಗೆ ಅದು ಶೇ 1.2, ಎರಡನೆಯವರಿಗೆ ಶೇ 0.19. ಮಿತಿಯೊಳಗೇ ಇದ್ದು ಮೊದಲ ಬಾರಿ ತೆರಿಗೆಗೆ ಬಿದ್ದವರೂ ಇದರಲ್ಲಿ ಸೇರುತ್ತಾರೆ. ಹೆಚ್ಚು ಸ್ಲ್ಯಾಬ್‌ಗಳಿದ್ದರೆ, ಮೇಲಿನ ಸ್ಲ್ಯಾಬ್‌ಗಳ ಮಿತಿಯೂ ನಿಂತಿದ್ದರೆ ಮೇಲಿನವರಿಗೂ ಸ್ವಲ್ಪ ಹೆಚ್ಚು ತಗಲುತ್ತದೆ, ಆದರೆ ಕೆಳಗಿನ ಮಿತಿಯ ಪರಿಣಾಮ ತಲೆಗಂದಾಯದ (ಆದಾಯ ನೋಡದೆ ತಲೆಗೆ ಇಷ್ಟು ಎಂದು ಹಾಕುವ ತೆರಿಗೆಯ) ಥರವೇ.

ಬ್ರಿಟನ್ನಿನಲ್ಲಿ ಈ ಮಿತಿ 2021ರ ಏಪ್ರಿಲ್‌ನಿಂದ 12,570 ಪೌಂಡ್‌ನಲ್ಲೇ ನಿಂತಿದೆ. ಆಮೇಲೆ ಬೆಲೆಗಳು ಎಷ್ಟು ಏರಿದವು ಎಂಬುದು ಎಲ್ಲರಿಗೂ ಗೊತ್ತು. ದರ ಏರಿದರೆ ಸುದ್ದಿಯಾಗುತ್ತದೆ, ಮಿತಿ ನಿಂತರೆ ಸಂಬಳದ ಚೀಟಿಯಲ್ಲಿ ಮಾತ್ರ ಕಾಣುತ್ತದೆ. ಚೀಟಿಯಲ್ಲಿ ಹೀಗೆ ನೋಡಿ: ಸಂಬಳ ಎಷ್ಟು ಶೇಕಡಾ ಏರಿತು, ಕಡಿತದ ತೆರಿಗೆ ಎಷ್ಟು ಶೇಕಡಾ ಏರಿತು. 60ರ ಸಂಬಳದವರ ತೆರಿಗೆ 2ರಿಂದ 2.96 ಆಗಿದೆ, ಶೇ 48 ಏರಿಕೆ. ದರ ಮಾತ್ರ ಕದಲಿಲ್ಲ.

ನೇರವಾದ ತಲೆಗಂದಾಯವನ್ನೂ ಅದೇ ದೇಶ ಮಾಡಿ ನೋಡಿದೆ. ಸ್ಕಾಟ್ಲೆಂಡ್‌ನಲ್ಲಿ 1989ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರಲ್ಲಿ ಬಂತು. ತೀರಾ ಬಡವರೂ ಶೇ 20 ಭಾಗ ಕಟ್ಟಲೇಬೇಕಿತ್ತು. ಲಕ್ಷಾಂತರ ಜನ ಕಟ್ಟಲಿಲ್ಲ, 1993ರಲ್ಲಿ ತೆಗೆದುಹಾಕಿದರು.

ದಾಸವಾಳ

ತಾತ್ಕಾಲಿಕ ಏರಿಕೆ ಎಂದಾಗಲೂ ಹುಷಾರಾಗಿರಬೇಕು. ಫಿನ್ಲೆಂಡ್ 2007ರಲ್ಲಿ ಕ್ಷೌರದ ಸೇವೆಗೆ ವ್ಯಾಟನ್ನು 14 ಅಂಶ ಇಳಿಸಿತು, 2012ರಲ್ಲಿ ಅಷ್ಟನ್ನೇ ಮತ್ತೆ ಏರಿಸಿತು. ಇಳಿಸಿದಾಗ ಬೆಲೆ ಇಳಿದದ್ದಕ್ಕಿಂತ ಏರಿಸಿದಾಗ ಬೆಲೆ ಏರಿದ್ದು ಸುಮಾರು ಎರಡು ಪಟ್ಟು ಎಂದು ಅಧ್ಯಯನ ತೋರಿಸಿತು. ಅಂದರೆ ಎರಡು ವರ್ಷಕ್ಕೆಂದು ಏರಿಸಿ ಆಮೇಲೆ ಇಳಿಸಿದರೆ ಬೆಲೆ ಹಳೆಯ ಮಟ್ಟಕ್ಕೆ ಬರುತ್ತದೆಂದು ಬಜೆಟ್ ಹಾಕಬೇಡಿ. ಪರಿಹಾರದ ಹಣವನ್ನೂ ಇಳಿಕೆಯ ದಿನವೇ ನಿಲ್ಲಿಸುವುದು ಅನ್ಯಾಯ.

ನಡುಮನೆ

ಏರಿಕೆಯ ದಿನಾಂಕ ಘೋಷಣೆಯಾದ ಮೇಲೆ ಮನೆಯಲ್ಲಿ ಏನು ಮಾಡಬಹುದು? ಮುಂಚಿತವಾಗಿ ಕೊಂಡಿಟ್ಟುಕೊಂಡರೆ ಉಳಿಯುತ್ತದೆಯೇ?

ಖಾತೆಕಿರ್ದಿ

ಕೈಯಲ್ಲಿರುವ ದುಡ್ಡಿನಿಂದಾದರೆ, ಹೇಗೂ ಕೊಳ್ಳಲೇಬೇಕಿದ್ದ, ಕೆಡದ ವಸ್ತುವಾದರೆ ಸರಿ. ಉಳಿಯುವುದು ಶೇ 2.6. ಸಾಲದಲ್ಲಿ ಕೊಳ್ಳಬೇಡಿ. ಕ್ರೆಡಿಟ್ ಕಾರ್ಡ್ ಬಾಕಿಗೆ ತಿಂಗಳಿಗೆ ಶೇ 3 ಬಡ್ಡಿ ಇದ್ದರೆ ಒಂದೇ ತಿಂಗಳಲ್ಲಿ ಉಳಿತಾಯ ಮುಗಿದು ನಷ್ಟ ಶುರು. ಜಪಾನಿನಲ್ಲಿ 2014ರ ಏಪ್ರಿಲ್ ಏರಿಕೆಗೆ ಮುಂಚೆ ಜನ ಮುಗಿಬಿದ್ದು ಕೊಂಡರು, ಆಮೇಲೆ ಖರೀದಿ ಕುಸಿಯಿತು. ಅಂಥ ನೂಕುನುಗ್ಗಲಿನಲ್ಲಿ ರಿಯಾಯಿತಿ ಯಾರೂ ಕೊಡುವುದಿಲ್ಲ. ಏರಿಕೆಯಾದ ಮೇಲೆ ಮಾರಾಟ ಕುಗ್ಗಿದಾಗ ದೊಡ್ಡ ವಸ್ತುಗಳಿಗೆ ಶೇ 2.6ಕ್ಕಿಂತ ಹೆಚ್ಚು ರಿಯಾಯಿತಿ ಸಿಗುವುದುಂಟು.

ಅದಕ್ಕಿಂತ ಕರಾರುಗಳನ್ನು ನೋಡುವುದು ಲಾಭ. ವರ್ಷದ ಚಂದಾ, ಶುಲ್ಕ, ನಿರ್ವಹಣಾ ಕರಾರುಗಳಲ್ಲಿ ‘ತೆರಿಗೆ ಸೇರಿ’ ಎಂದಿದೆಯೋ ‘ತೆರಿಗೆ ಪ್ರತ್ಯೇಕ’ ಎಂದಿದೆಯೋ ನೋಡಿ. ‘ಸೇರಿ’ ಎಂದಿದ್ದರೆ, ತೆರಿಗೆ ಬದಲಾದರೆ ಬೆಲೆ ಬದಲಿಸಬಹುದು ಎಂಬ ಷರತ್ತು ಬೇರೆಲ್ಲಾದರೂ ಇದೆಯೇ ಎಂದೂ ಓದಿ. ಇಲ್ಲದಿದ್ದರೆ ಅವಧಿ ಮುಗಿಯುವವರೆಗೆ ಹೆಚ್ಚುವರಿ ಕೇಳುವಂತಿಲ್ಲ ಎಂದು ಲಿಖಿತವಾಗಿ ತಿಳಿಸಬಹುದು, ಆದರೆ ಕೆಲವು ದೇಶಗಳ ಕಾನೂನೇ ಹೆಚ್ಚುವರಿ ವಸೂಲಿಗೆ ಅವಕಾಶ ಕೊಟ್ಟಿರುತ್ತದೆ, ಅದನ್ನು ಮೊದಲು ಖಚಿತ ಮಾಡಿಕೊಳ್ಳಿ. ಮುಂಗಡ ಕಟ್ಟಿದ್ದರೆ ಹಳೆಯ ದರ ಅನ್ವಯಿಸುವುದು ಪಾವತಿಯ ದಿನಾಂಕಕ್ಕೋ, ಬಿಲ್ಲಿನ ದಿನಾಂಕಕ್ಕೋ, ಸರಕು ತಲುಪಿದ ದಿನಕ್ಕೋ ಎಂಬುದು ಆಯಾ ದೇಶದ ಸಂಕ್ರಮಣ ನಿಯಮದಲ್ಲಿ (ಹಳೆಯ ದರದಿಂದ ಹೊಸ ದರಕ್ಕೆ ದಾಟುವ ವೇಳೆಗೆಂದು ಮಾಡುವ ನಿಯಮ) ಇರುತ್ತದೆ. ಏರಿಕೆಯ ಆಸುಪಾಸಿನ ಎರಡು ತಿಂಗಳ ಬಿಲ್ಲುಗಳಲ್ಲಿ ತಪ್ಪು ದರ ಬೀಳುವುದು ಹೆಚ್ಚು. ವಿದ್ಯುತ್, ಫೋನಿನಂಥ ತಿಂಗಳ ಬಿಲ್ಲಿನಲ್ಲಿ ಹಳೆಯ ದರದ ದಿನಗಳು, ಹೊಸ ದರದ ದಿನಗಳು ಬೇರೆ ಬೇರೆ ತೋರಿಸಿದ್ದಾರೆಯೇ ನೋಡಿ. ಇಡೀ ತಿಂಗಳಿಗೆ ಹೊಸ ದರ ಹಾಕಿದ್ದರೆ ದೂರು ಕೊಡಿ.

ತಕ್ಕಡಿ

ಇದಕ್ಕೆ ಒಂದು ಸೇರಿಸುತ್ತೇನೆ. ಕಂತು ಕಟ್ಟಲು ಕಷ್ಟವಾಗುತ್ತದೆ ಎಂದು ಲೆಕ್ಕದಲ್ಲಿ ಮೊದಲೇ ಕಂಡರೆ, ತಪ್ಪುವ ಮುಂಚೆಯೇ ಸಾಲ ಕೊಟ್ಟವರ ಬಳಿ ಅವಧಿ ವಿಸ್ತರಣೆ ಕೇಳಿ. ಒಂದು ಕಂತು ತಪ್ಪಿದ ಮೇಲೆ ಕೇಳಿದರೆ ದಂಡವೂ ಸೇರಿರುತ್ತದೆ, ಸಾಲದ ದಾಖಲೆಯೂ ಕೆಟ್ಟಿರುತ್ತದೆ. ಕೇಳುವಾಗ ಮೂರು ತಿಂಗಳ ಖರ್ಚಿನ ಆ ಕಾಲಂಗಳ ಪಟ್ಟಿಯನ್ನೇ ತೋರಿಸಿ. ಎಷ್ಟು ಕೊರತೆ, ಯಾವ ತಿಂಗಳಿಂದ, ಯಾವ ಕಾರಣಕ್ಕೆ ಎಂಬುದು ಅದರಲ್ಲೇ ಇರುತ್ತದೆ.

ಮಳೆಬಿಲ್ಲು

ಅದೇ ಪಟ್ಟಿ ಇನ್ನೊಂದಕ್ಕೂ ಬೇಕು. ಬಜೆಟ್‌ಗೆ ಮುಂಚೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಕಡೆಗಳಲ್ಲಿ ‘ಹೊರೆ ಜಾಸ್ತಿ’ ಎಂದು ಬರೆದ ಪತ್ರಕ್ಕಿಂತ, ನಾಲ್ಕಾರು ಮನೆಗಳ ಪಟ್ಟಿ ಸೇರಿಸಿ ‘ಏರಿಕೆಯ ದಿನವೇ ಪರಿಹಾರ ಬರಲಿ, ಅದು ಬೆಲೆ ಸೂಚ್ಯಂಕಕ್ಕೆ ಕಟ್ಟಿರಲಿ, ರಿಟರ್ನ್ ಸಲ್ಲಿಸದವರಿಗೂ ತಲುಪಲಿ’ ಎಂದು ಮೂರೇ ಬೇಡಿಕೆ ಬರೆದ ಪತ್ರಕ್ಕೆ ಉತ್ತರ ಕೊಡದೆ ಇರುವುದು ಕಷ್ಟ. ಮನೆಯವರ ಹೆಸರು ತೆಗೆದು ಅಂಕಿ ಮಾತ್ರ ಕಳಿಸಿ.